ಸಮಸ್ಯೆ: ನೀರನ್ನು ಕುಡಿದ ಬೆಂಕಿ

ಷಟ್ಪದಿಪ್ರಿಯ:
ಈ ವಾರದ ಸಮಸ್ಯೆ ಆರು ಪಾದಗಳ ಭಾಮಿನಿ ಷಟ್ಪದಿಯಲ್ಲಿ. ಆರನೆಯ ಪಾದ ಕೊಟ್ಟಿದ್ದೇನೆ, ಮೊದಲ ಐದು ನಿಮ್ಮವು.

"ನೀರ ಕುಡಿಯಿತು ಬೆಂಕಿ ಹನಿಯೊಂದನ್ನು ಬಿಡದಂತೆ"

ಕಡಲೊಳಗೆ ಉರಿಯುವುದೆನ್ನುವ ಬಡಬಾನಲವೆಂದರೆ ಕ್ಷಣದಲ್ಲಿ ಪರಿಹಾರವಾಗಿಬಿಡುತ್ತದೆ, ಅದು ಬೇಡ. ಯೆಹೂದ್ಯರ ಅಥವಾ ಕ್ರೈಸ್ತರ ಧರ್ಮಗ್ರಂಥದಿಂದಲೇ ಪರಿಹಾರ ಬರಲಿ. ಪ್ರಾಸಾಕ್ಷರ, ಅಂದರೆ ಪಾದದ ಎರಡನೆಯ ಅಕ್ಷರ, ರಕಾರ; ಅದರ ಹಿಂದೆ ಗುರು.

ಹಳೆಯ ಓದುಗ:

ಮೂರು ವರುಷವು ಮಳೆಯ ಕಾಣದ
ಊರ ಮಂದಿಯು ನೆರೆದ ಗಿರಿಯಲಿ
ಹೋರಿಯನು ಬಲಿಪೀಠಕಿರಿಸುತೆಲೀಯ ನೀರೆರೆಸಿ
ಸಾರಿ ಕರೆಯೆ ಯೆಹೋವನನು, ಕಿಡಿ
ಕಾರಿ ಬಾನಿಂದಿಳಿದು ಕಾಲುವೆ
ನೀರ ಕುಡಿಯಿತು ಬೆಂಕಿ ಹನಿಯೊಂದನ್ನು ಬಿಡದಂತೆ

ಕರ್ಮೆಲ್ ಬೆಟ್ಟದ ಪ್ರಸಂಗ, ಅರಸುಗಳ ಮೊದಲನೆಯ ಗ್ರಂಥದ 18ನೆಯ ಅಧ್ಯಾಯ. ಬಾಳನೆಂಬ ದೇವತೆಯ 450 ಪ್ರವಾದಿಗಳು ಬೆಳಗಿನಿಂದ ಕೂಗಿ, ಮೈ ಕೊಯ್ದುಕೊಂಡರೂ ಉತ್ತರ ಬರಲಿಲ್ಲ. ಬಳಿಕ ಯೆಹೋವನ ಪ್ರವಾದಿ ಎಲೀಯ 12 ಕಲ್ಲುಗಳಿಂದ ಪೀಠ ಕಟ್ಟಿ, ಸುತ್ತ ಕಾಲುವೆ ತೋಡಿ, ನಾಲ್ಕು ಕೊಡ ನೀರನ್ನು ಮೂರು ಸಲ ಸುರಿಸುತ್ತಾನೆ.

ಲಘುಗುರು:
ಎಲೀಯ, ಯೆಹೋವ ಎರಡೂ ಲಗಾದಿಯ, ಅಂದರೆ ಲಘುವಿನ ಬೆನ್ನಿಗೇ ಗುರು ಬರುವ ಹೆಸರುಗಳು, ಗಣದ ಆರಂಭದಲ್ಲಿ ಕೂರುವುದಿಲ್ಲ. ಮೊದಲಕ್ಷರವನ್ನು ಹಿಂದಿನ ಗಣಕ್ಕೆ ದಾಟಿಸಿದ್ದು ಬಲು ಸೊಗಸಾಗಿದೆ. ಆದರೆ ಲೂಕನ ಸುವಾರ್ತೆಯಲ್ಲೂ ಯಾಕೋಬನ ಪತ್ರಿಕೆಯಲ್ಲೂ ಆ ಬರಗಾಲ ಮೂರೂವರೆ ವರ್ಷದ್ದಲ್ಲವೇ?

ಹಳೆಯ ಓದುಗ:
ಹೌದು. ಅರಸುಗಳ ಗ್ರಂಥ ಮೂರನೆಯ ವರ್ಷವೆನ್ನುತ್ತದೆ, ಪದ್ಯಕ್ಕೆ ಅದನ್ನೇ ಹಿಡಿದೆ. ನನ್ನನ್ನು ಬಹಳ ಕಾಡುವುದು ಆ ಹನ್ನೆರಡು ಕೊಡ ನೀರು. ಕುದುರೆ, ಹೇಸರಗತ್ತೆಗಳಿಗೆ ಹುಲ್ಲು ಹುಡುಕಿಕೊಂಡು ಅರಸ ಅಹಾಬನೇ ನಾಡು ಅಲೆದಿದ್ದ ಕಾಲ. ಆ ಬರದಲ್ಲಿ ಹೋರಿಗಿಂತ ನೀರೇ ದೊಡ್ಡ ಬಲಿ. ಕಾನಾನ್ಯರಿಗೆ ಬಾಳನೆಂದರೆ ಮಳೆ ಗುಡುಗುಗಳ ಒಡೆಯ. ಆದ್ದರಿಂದ ಬೆಟ್ಟದ ಮೇಲಿನ ವ್ಯಾಜ್ಯ ಮೇಲುನೋಟಕ್ಕೆ ಬೆಂಕಿಯದಾದರೂ ಒಳಗೆ ಮಳೆಯದೇ. ಬೆಂಕಿ ಬಿದ್ದ ಮೇಲೂ ಎಲೀಯ ನೆಲಕ್ಕೆ ಬಾಗಿ, ಮೊಣಕಾಲುಗಳ ನಡುವೆ ಮುಖವಿಟ್ಟು ಕೂರುತ್ತಾನೆ. ಸಮುದ್ರದ ಕಡೆ ನೋಡಲು ಸೇವಕನನ್ನು ಮತ್ತೆ ಮತ್ತೆ ಕಳಿಸುತ್ತಾನೆ. ಏಳನೆಯ ಸಲ ಅಂಗೈಯಷ್ಟು ಮೋಡ ಕಾಣುತ್ತದೆ. ಆ ಮಳೆ ಬಾರದೆ ಕಥೆ ಮುಗಿದಿದ್ದರೆ ಇದು ಪವಾಡದ ಪಂದ್ಯವಾಗಿ ಉಳಿಯುತ್ತಿತ್ತು.

ಕಡಲಂಚಿನವಳು:

ಊರ ಹೊರಗಡೆ ಕುರಿಯ ಕಾಯುವ
ಧೀರನಾಮೋಸನಿಗೆ ಮುನ್ನವೆ
ತೋರಿದನು ದರುಶನದಿ ದೇವನು ತೀರ್ಪಿನುರಿಯೊಂದ
ಆರದೆಯೆ ಪಾತಾಳಕಿಳಿಯುತ
ಮೇರೆಯಿಲ್ಲದ ಕಡಲ ಮಡುವಿನ
ನೀರ ಕುಡಿಯಿತು ಬೆಂಕಿ ಹನಿಯೊಂದನ್ನು ಬಿಡದಂತೆ

ಆಮೋಸನ ಗ್ರಂಥ, 7ನೆಯ ಅಧ್ಯಾಯ. ತೆಕೋವದ ಈ ಕುರುಬ ಕಂಡ ಬೆಂಕಿ ಮಹಾಸಾಗರವನ್ನೇ ನುಂಗಿ ನೆಲಕ್ಕೂ ಬಾಯಿ ಹಾಕುತ್ತದೆ. ಆಗ ಆಮೋಸ, ನಿಲ್ಲಿಸು ಸ್ವಾಮೀ, ಯಾಕೋಬ (ಎಂದರೆ ಇಸ್ರಾಯೇಲ್ ಜನ) ತೀರ ಚಿಕ್ಕವನು, ಹೇಗೆ ಉಳಿದಾನು ಎಂದು ಮೊರೆಯಿಡುತ್ತಾನೆ. ದೇವರು ಮನಸ್ಸು ಬದಲಿಸಿ, ಇದೂ ಆಗುವುದಿಲ್ಲ ಎನ್ನುತ್ತಾನೆ. ಆ ಮೊರೆಗೆ ನನ್ನ ಐದು ಪಾದಗಳಲ್ಲಿ ಜಾಗ ಸಾಲಲಿಲ್ಲ.

ಷಟ್ಪದಿಪ್ರಿಯ:
ಎರಡೂ ಪೂರಣಗಳು ಸಲ್ಲುತ್ತವೆ. ಮೊದಲನೆಯದರ ನಡೆ ಚೆನ್ನ. "ಕಿಡಿ" ಎಂದು ಪಾದದ ಕೊನೆಗೆ ನಿಂತು "ಕಾರಿ" ಎಂದು ಕೆಳಗಿಳಿಯುವಲ್ಲಿ ಬೆಂಕಿಯೇ ಬಿದ್ದಂತಿದೆ. ಎರಡನೆಯದರ "ಮುನ್ನವೆ" ಗಣ ತುಂಬಲು ಬಂದದ್ದು, ತಿದ್ದಿದರೆ ಒಳ್ಳೆಯದು. ಆದರೂ ನನ್ನ ಮನಸ್ಸು ಎರಡನೆಯದರ ಕಡೆಗೇ. ಹನಿಯೊಂದನ್ನೂ ಬಿಡದಂತೆ ಎಂಬ ಮಾತು ಕಾಲುವೆಗೆ ಸಲೀಸಾಗಿ ಹೊಂದುತ್ತದೆ, ಕಡಲಿಗೆ ಹೊಂದಿಸಿದಾಗ ಎದೆ ನಡುಗಿಸುತ್ತದೆ. ಕರ್ಮೆಲಿನಲ್ಲಿ ಮನುಷ್ಯನ ಮೊರೆಗೆ ಬೆಂಕಿ ಇಳಿಯಿತು, ಆಮೋಸನ ಮೊರೆಗೆ ಬೆಂಕಿ ನಿಂತಿತು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಲಘುಗುರು:
ಹೊಸ ಒಡಂಬಡಿಕೆಯಿಂದ ಒಂದೂ ಬರಲಿಲ್ಲವಲ್ಲ?

ಷಟ್ಪದಿಪ್ರಿಯ:
ಅಲ್ಲಿ ಬೆಂಕಿಯನ್ನು ಕರೆಯುವ ಆಸೆಗೇ ತಡೆ ಬೀಳುತ್ತದೆ. ಇಳುಕೊಳ್ಳಲು ಜಾಗ ಕೊಡದ ಸಮಾರ್ಯದ ಹಳ್ಳಿಯ ಮೇಲೆ ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದ ಶಿಷ್ಯರಾದ ಯಾಕೋಬ ಯೋಹಾನರನ್ನು ಯೇಸು ಗದರಿಸುತ್ತಾನೆ; ಲೂಕನ 9ನೆಯ ಅಧ್ಯಾಯದಲ್ಲಿದೆ. ಅವನ ಅಪ್ಪಣೆ ಹೋಗುವುದು ಗಾಳಿಗೆ, ನೀರಿಗೆ. ಗಲಿಲಾಯದ ಸರೋವರದಲ್ಲಿ ದೋಣಿ ತುಂಬುವಷ್ಟು ಅಲೆ ಹೊಡೆಯುವಾಗ ಅವನು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿದ್ದ. ಇಲ್ಲಿಯೂ ಶಿಷ್ಯರು ಕೂಗಿ ಎಬ್ಬಿಸಬೇಕಾಯಿತು. ಮಾರ್ಕನ 4ನೆಯ ಅಧ್ಯಾಯ ಓದಿಕೊಂಡು ಬನ್ನಿ, ಮುಂದಿನ ವಾರಕ್ಕೆ ಇದು:

"ಮಲಗಿದವನೆದ್ದೊಡನೆ ಮಲಗಿತು ಕಡಲ ಬಿರುಗಾಳಿ"

ಭಾಮಿನಿಯೇ. ಪ್ರಾಸ ಲಕಾರ, ಹಿಂದೆ ಲಘು.