ಧ್ಯಾನಕೂಟಕ್ಕೆ ಹೋಗುವಾಗ ಸಂಧಿವಾತದ ಮಾತ್ರೆ ನಿಲ್ಲಿಸಬೇಕೇ?

ಬೇಳದ ಮಗಳು:
ಅಮ್ಮನಿಗೆ 62. ರುಮಟಾಯ್ಡ್ ಸಂಧಿವಾತ. ಮೆಥೊಟ್ರೆಕ್ಸೇಟ್ 15 ಮಿ.ಗ್ರಾಂ ವಾರಕ್ಕೊಮ್ಮೆ, ಪ್ರೆಡ್ನಿಸೊಲೋನ್ 5 ಮಿ.ಗ್ರಾಂ ದಿನಾ ಬೆಳಿಗ್ಗೆ. ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಪ್ರಾರ್ಥನೆ, ಪ್ರಾಯಶ್ಚಿತ್ತದ ಕಾಲ) ಶುಕ್ರವಾರದಿಂದ ಆದಿತ್ಯವಾರದವರೆಗಿನ ಧ್ಯಾನಕೂಟಕ್ಕೆ ಹೊರಟಿದ್ದಾರೆ. ‘ವಿಶ್ವಾಸ ಇದ್ದರೆ ಮದ್ದು ಯಾಕೆ, ನೀರೂ ಮುಟ್ಟದೆ ಉಪವಾಸ ಮಾಡಿ’ ಎಂದು ಯಾರೋ ಹೇಳಿದ್ದಾರಂತೆ. ಪ್ರಾರ್ಥನೆಗೆ ಅಡ್ಡ ಬರಲು ನನಗೆ ಮನಸ್ಸಿಲ್ಲ, ಮದ್ದೂ ತಪ್ಪಬಾರದು. ಹೇಗೆ ಹೊಂದಿಸುವುದು?

ಕುಂಬಳೆಯ ಫಾರ್ಮಸಿಸ್ಟ್:
ಪ್ರೆಡ್ನಿಸೊಲೋನ್ ಒಂದು ದಿನವೂ ಬಿಡಬೇಡಿ. ತಿಂಗಳುಗಟ್ಟಲೆ ಅದನ್ನು ತೆಗೆದುಕೊಂಡವರ ದೇಹ ತನ್ನದೇ ಕಾರ್ಟಿಸೋಲ್ ಎಂಬ ಹಾರ್ಮೋನ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತ. ಬೆಳಿಗ್ಗೆ ಗಂಜಿ ಉಂಡು ಮಾತ್ರೆ ತೆಗೆದುಕೊಳ್ಳಲಿ.

ಮೆಥೊಟ್ರೆಕ್ಸೇಟ್ ಬಿಟ್ಟ ವಾರವೇ ನೋವು ಬರುವುದಿಲ್ಲ. ವಾಸಿಯಾಯಿತು ಅನಿಸುವುದೇ ಆಗ. ವಾರಗಳು ಕಳೆದ ಮೇಲೆ ಬೆರಳಿನ ಗಂಟುಗಳು ಊದುತ್ತವೆ. ಅಷ್ಟರಲ್ಲಿ ಸವೆದ ಕೀಲು ಮೊದಲಿನಂತಾಗದು. ನೀರಿಲ್ಲದ ಉಪವಾಸವಂತೂ ಬೇಡವೇ ಬೇಡ. ಈ ಮದ್ದು ಮೂತ್ರಪಿಂಡದ ದಾರಿಯಲ್ಲಿ ಹೊರಗೆ ಹೋಗಬೇಕು, ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲೇ ಉಳಿದು ವಿಷವಾಗಬಹುದು. ಬಾಯಿಹುಣ್ಣು, ಜ್ವರ ಅಥವಾ ಒಣಕೆಮ್ಮಿನ ಜೊತೆ ಏದುಸಿರು ಕಂಡರೆ ಮುಂದಿನ ಡೋಸ್ ಕೊಡದೆ ಅದೇ ದಿನ ಡಾಕ್ಟರಲ್ಲಿಗೆ.

ಇನ್ನೊಂದು ಜಾಗ್ರತೆ: ಮೆಥೊಟ್ರೆಕ್ಸೇಟ್, ಅದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆ್ಯಸಿಡ್ ಎರಡೂ ಸಣ್ಣ ಹಳದಿ ಮಾತ್ರೆಗಳಾಗಿ ಬರುವುದುಂಟು. ಅದಲುಬದಲಾಗಿ ಮೆಥೊಟ್ರೆಕ್ಸೇಟ್ ದಿನಾ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಕೂಟಕ್ಕೆ ಒಯ್ಯುವ ಚೀಲದಲ್ಲಿ ಅದರ ಸ್ಟ್ರಿಪ್ಪೇ ಬೇಡ.

ಮಂಜೇಶ್ವರದ ಧರ್ಮೋಪದೇಶಕ:
ಕಥೋಲಿಕ ಧರ್ಮಸಭೆ ಉಪವಾಸ ಕಡ್ಡಾಯ ಮಾಡಿರುವುದು ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. ಅದೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಅಮ್ಮ ವಯಸ್ಸಿನಿಂದಲೇ ಅದರ ಹೊರಗೆ, ಕಾಯಿಲೆಯವರಿಗೆ ಹೇಗೂ ವಿನಾಯಿತಿ. ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಅವರ ಜೊತೆ ಕೂತು ಓದಿ: ವೈದ್ಯನೂ ದೇವರ ಸೃಷ್ಟಿ, ಮದ್ದು ಕೂಡ ದೇವರು ನೆಲದಿಂದ ಹುಟ್ಟಿಸಿದ್ದು ಎಂದು ಅಲ್ಲಿದೆ. ಮದ್ದು ನುಂಗಿದರೆ ವಿಶ್ವಾಸ ಕಡಿಮೆಯಾಗುವುದಿಲ್ಲ.

ರೋಗಿಗಳಿಗೆ ಪವಿತ್ರ ತೈಲ ಹಚ್ಚುವ ಸಂಸ್ಕಾರವನ್ನು ಫಾದರ್ ಹತ್ತಿರ ಕೇಳಿ. ಅದು ಸಾಯುವವರಿಗೆ ಮಾತ್ರ ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಇನ್ನೂ ಉಂಟು, ತಪ್ಪು. ಗಂಭೀರ ಕಾಯಿಲೆಗೆ ಪಡೆಯಬಹುದು, ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಹಣೆಗೂ ಅಂಗೈಗೂ ತೈಲ ಹಚ್ಚುತ್ತಾರೆ. ಗಂಟು ಊದಿದ್ದರೆ ಮೆಲ್ಲಗೆ ಎಂದು ಮೊದಲೇ ಹೇಳಿ. ಮೊಣಕಾಲೂರಲು ಆಗದಿದ್ದರೆ ಕೂತೇ ಪ್ರಾರ್ಥಿಸಲಿ.

ಬೇಳದ ಮಗಳು:
ತುಂಬಾ ಉಪಕಾರ. ಅಮ್ಮ ಮೆಥೊಟ್ರೆಕ್ಸೇಟ್ ಈಗ ಶುಕ್ರವಾರ ರಾತ್ರಿ ತೆಗೆದುಕೊಳ್ಳುತ್ತಾರೆ. ಆ ದಿನ ಬದಲಿಸಬಹುದೇ?

ಕುಂಬಳೆಯ ಫಾರ್ಮಸಿಸ್ಟ್:
ಆದಿತ್ಯವಾರ ರಾತ್ರಿ ಊಟದ ನಂತರ ಒಳ್ಳೆಯದು. ತಪಸ್ಸುಕಾಲದಲ್ಲೂ ಅದು ಉಪವಾಸದ ದಿನವಲ್ಲ, ಅಮ್ಮ ಮನೆಗೂ ತಲುಪಿರುತ್ತಾರೆ. ಆದರೆ ಡಾಕ್ಟರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದೇ ಬದಲಿಸಿ. ಎರಡು ಡೋಸ್ ಹತ್ತಿರ ಬರಬಾರದು, ತಪ್ಪಿದ್ದಕ್ಕೆ ಮುಂದಿನ ವಾರ ಡಬಲ್ ಕೊಡಬಾರದು. ಫೋಲಿಕ್ ಆ್ಯಸಿಡ್ ಬೇರೆ ದಿನ.

ಕೂಟದ ನಂತರ ನೋವು ಕಡಿಮೆಯಾದರೆ ದೇವರಿಗೆ ಸ್ತೋತ್ರ ಹೇಳಿ, ಅದನ್ನೇ ಡಾಕ್ಟರಿಗೂ ಹೇಳಿ. ಅವರು ಗಂಟು ಒತ್ತಿ ನೋಡಿ, ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಮಾಡಿಸಿ, ಸಾಮಾನ್ಯವಾಗಿ ಪ್ರೆಡ್ನಿಸೊಲೋನನ್ನೇ ಮೊದಲು ಹಂತ ಹಂತವಾಗಿ ಇಳಿಸುತ್ತಾರೆ. ಡಾಕ್ಟರನ್ನು ನೋಡಲು ಮಂಗಳೂರಿಗೆ ಹೋಗುವಾಗ ರಕ್ತದ ಕೌಂಟ್, ಲಿವರ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ರಿಪೋರ್ಟ್‌ಗಳನ್ನು ಮರೆಯಬೇಡಿ.