ಹಂದಿ ಕಾಟಕ್ಕೆ ಸೆಮಿ ಆಟೋಮ್ಯಾಟಿಕ್ ಬಂದೂಕಿಗೆ ಲೈಸೆನ್ಸ್ ಸಿಗುತ್ತಾ?

ಕಡ್ಲೆಕಾಯಿ ಹೊಲ, ಮಧುಗಿರಿ

ಎಲ್ಲರಿಗೂ ನಮಸ್ಕಾರ. ಗುಡ್ಡದ ಅಂಚಿನಲ್ಲಿ ನಾಲ್ಕು ಎಕರೆ ಕಡ್ಲೆಕಾಯಿ. ಕಾಯಿ ಬಲಿಯುವ ಹೊತ್ತಿಗೆ ಹಂದಿ ಹಿಂಡು ಇಳಿಯುತ್ತೆ. ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆಗೆಂದು ಕೊಟ್ಟ ಹಳೇ ಕೇಪಿನ ಬಂದೂಕಿದೆ, ಅವರಿಗೀಗ 72. ಲೈಸೆನ್ಸ್ ನನ್ನ ಹೆಸರಿಗೆ ಆಗುತ್ತಾ? ಅದರ ಬದಲು ಸೆಮಿ ಆಟೋಮ್ಯಾಟಿಕ್ (ಪ್ರತಿ ಸಲ ಸಿಡಿದ ಮೇಲೆ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಬಂದೂಕು) ತಗೊಳ್ಳಬಹುದಾ? ಅಮೆರಿಕದಲ್ಲಿ ಹಂದಿಗೆ ಅದನ್ನೇ ಬಳಸ್ತಾರೆ. ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದು ತಾನೇ?

ಕಡತ ಬಲ್ಲವ, ತುಮಕೂರು

ಮೊದಲನೆಯದು ಆಗುತ್ತೆ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಂತೆ, ಲೈಸೆನ್ಸ್‌ದಾರರಿಗೆ 70 ತುಂಬಿದರೆ ಅಥವಾ ಬಂದೂಕು 25 ವರ್ಷ ಅವರ ಬಳಿ ಇದ್ದಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ಅರ್ಜಿ ಹಾಕಬಹುದು. ನಮೂನೆ ಎ-1 ತುಂಬಿ ಡಿಸಿ ಕಚೇರಿಗೆ ಕೊಡಿ. ಅಪ್ಪನ ಒಪ್ಪಿಗೆ ಪತ್ರ, ಒಡಹುಟ್ಟಿದವರ ನಿರಾಕ್ಷೇಪಣೆ, ಪಹಣಿ, ಆರೋಗ್ಯ ಪ್ರಮಾಣಪತ್ರ, ಬಂದೂಕನ್ನು ಭದ್ರವಾಗಿ ಇಡುವ ಮುಚ್ಚಳಿಕೆ, ಬಂದೂಕು ತರಬೇತಿಯ ಪ್ರಮಾಣಪತ್ರ ಜೋಡಿಸಿ. ಅಲ್ಲಿಂದ ಕಡತ ಎಸ್‌ಪಿ ಕಚೇರಿಗೆ, ಠಾಣೆಗೆ ಹೋಗಿ ವರದಿಯೊಂದಿಗೆ ಮರಳುತ್ತೆ. (ಕೋಲಾರ ಜಿಲ್ಲೆಯವರು ಗಮನಿಸಿ: ಕೆಜಿಎಫ್, ಬಂಗಾರಪೇಟೆ ಕಡೆಯ ವರದಿ ಬರುವುದು ಕೆಜಿಎಫ್ ಎಸ್‌ಪಿಯಿಂದ, ಕೋಲಾರದ ಎಸ್‌ಪಿಯಿಂದಲ್ಲ.)

ಕಡತ ಕೂರುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಪಹಣಿ ಇನ್ನೂ ತಾತನ ಹೆಸರಲ್ಲಿರುತ್ತೆ. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಾವಣೆ) ಆಗದೆ ಬೆಳೆ ನಿಮ್ಮದು ಅಂತ ತೋರಿಸೋದು ಕಷ್ಟ. ಇನ್ನೊಂದು, ನಳಿಗೆಯ ಮೇಲಿನ ನಂಬರು. ಹಳೇ ಬಂದೂಕಿನಲ್ಲಿ ತುಕ್ಕು ಹತ್ತಿ 3 ಯಾವುದು 8 ಯಾವುದು ಗೊತ್ತಾಗಲ್ಲ, ಲೈಸೆನ್ಸ್ ಪುಸ್ತಕದ ನಂಬರಿಗೆ ತಾಳೆ ಆಗಲಿಲ್ಲ ಅಂದರೆ ಅಲ್ಲಿಗೆ ನಿಂತಿತು. ಮರಳು ಕಾಗದ ಹಾಕಿ ಉಜ್ಜಬೇಡಿ, ನಂಬರು ಅಳಿಸಿದರೆ ಅದೇ ಬೇರೆ ಕೇಸು. ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಒರೆಸಿ, ಬೆಳಕನ್ನು ಓರೆಯಾಗಿ ಹಿಡಿದು ಓದಿ.

ಲೈಸೆನ್ಸ್ ನಿಮ್ಮ ಹೆಸರಿಗೆ ಆಗುವವರೆಗೆ ಆ ಬಂದೂಕು ಹಿಡಿದು ಹೊಲಕ್ಕೆ ಹೋಗಬೇಡಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು.

ಜೋಡಿ ನಳಿಗೆ, ಶಿರಾ

ಸೆಮಿ ಆಟೋಮ್ಯಾಟಿಕ್ ಆಸೆ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13(3)ನೇ ಸೆಕ್ಷನ್ ಓದಿದರೆ ಬೆಳೆ ರಕ್ಷಣೆಗೆ ಏನು ಸಿಗುತ್ತೆ ಅಂತ ನೇರವಾಗಿ ಬರೆದಿದೆ: ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು, ನಿಮ್ಮ ಅಪ್ಪನ ಕೇಪಿನ ಬಂದೂಕಿನಂಥದ್ದು. ಅದು ಸಾಲದು ಅಂತ ಡಿಸಿಗೆ ಮನವರಿಕೆಯಾದರೆ ತೋಟಾ ಹಾಕುವ ಬೇರೆ ನಯ ನಳಿಗೆ (ಒಳಗೆ ಸುರುಳಿ ಗೀರಿಲ್ಲದ) ಬಂದೂಕು, ಅಂದರೆ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ 12 ಬೋರ್. ನೀವು ಕೇಳಬೇಕಾದದ್ದು ಇದನ್ನು. ಹಿಂಡಿನ ಗಾತ್ರ, ಬೆಳೆ ನಷ್ಟದ ಮಹಜರು, ಫೋಟೋ ಎಲ್ಲ ಜೋಡಿಸಿ, ಕೇಪಿನ ಬಂದೂಕು ಯಾಕೆ ಸಾಲದು ಅಂತ ಕಾರಣ ಬರೆಯಿರಿ. ತಿರಸ್ಕರಿಸಿದರೆ ಕಾರಣ ಲಿಖಿತವಾಗಿ ಕೇಳಿ. 18ನೇ ಸೆಕ್ಷನ್ ಪ್ರಕಾರ ಪ್ರಾದೇಶಿಕ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು.

ಸೆಮಿ ಆಟೋಮ್ಯಾಟಿಕ್ ರೈಫಲ್ ನಮ್ಮಲ್ಲಿ ನಿರ್ಬಂಧಿತ ವರ್ಗ, ಡಿಸಿ ಕೈಯಲ್ಲಿಲ್ಲ, ಕೇಂದ್ರ ಗೃಹ ಇಲಾಖೆಗೆ ಹೋಗಬೇಕು. ಬೆಳೆ ಕಾಯಲು ಅಂತ ಅಲ್ಲಿ ಯಾರೂ ಕೊಡಲ್ಲ, ಕೊಡಲೂಬಾರದು. 12 ಬೋರಿನ ಚರೆ 35–40 ಮೀಟರ್ ದಾಟಿದ ಮೇಲೆ ಹರಡಿ ಶಕ್ತಿ ಕುಂದುತ್ತಾ ಹೋಗುತ್ತೆ. ರೈಫಲ್ ಗುಂಡು ಗುರಿ ತಪ್ಪಿದರೆ ಕಿಲೋಮೀಟರಿಗೂ ಆಚೆ ಹೋಗುತ್ತೆ, ಬಂಡೆಗೆ ಬಡಿದರೆ ಎತ್ತ ತಿರುಗುತ್ತೋ ಗೊತ್ತಿಲ್ಲ. ನಮ್ಮ ಹೊಲಗಳಲ್ಲಿ ರಾತ್ರಿ ಮೋಟರ್ ಮನೆಯಲ್ಲಿ, ಅಟ್ಟಣೆಯಲ್ಲಿ ಜನ ಮಲಗಿರ್ತಾರೆ. ಕತ್ತಲಲ್ಲಿ ಕುದುರೆ (ಟ್ರಿಗರ್) ಎಳೆದಷ್ಟೂ ಗುಂಡು ಹೋಗುವ ಬಂದೂಕು ಇಲ್ಲಿಗೆ ಹೊಂದಲ್ಲ.

ತುಪಾಕಿ ಪರ, ಚಿಂತಾಮಣಿ

ನನಗೆ ಪೂರ್ತಿ ಒಪ್ಪಿಗೆಯಿಲ್ಲ. .32 ಪಿಸ್ತೂಲು ಕೂಡ ಸೆಮಿ ಆಟೋಮ್ಯಾಟಿಕ್ಕೇ, ಅದು ಸಾಮಾನ್ಯ ವರ್ಗದಲ್ಲಿದೆ, ದುಡ್ಡಿದ್ದವರಿಗೆ ಆತ್ಮರಕ್ಷಣೆಗೆ ಸಿಗುತ್ತೆ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ಅಲ್ಲಿನ ವಂಶಪಾರಂಪರ್ಯ ಜಮೀನಿನವರಿಗೆ) 2029ರವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ. ಬಯಲುಸೀಮೆ ರೈತ ಮಾತ್ರ ಒಂದು ಸಲ ಸಿಡಿಸಿ ಮತ್ತೆ ಮದ್ದು ಜಡಿಯುತ್ತಾ ನಿಲ್ಲಬೇಕಾ? ಚುನಾವಣೆ ಬಂದರೆ ಅದನ್ನೂ ಠಾಣೆಗೆ ಒಪ್ಪಿಸು ಅಂತಾರೆ. ಜಾಮೀನಿನ ಮೇಲಿರುವವರು, ಕ್ರಿಮಿನಲ್ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿಬಿದ್ದವರು ಇವರನ್ನು ಪರಿಶೀಲನಾ ಸಮಿತಿ ಗುರುತಿಸಬೇಕು ಅನ್ನೋದು ಆಯೋಗದ ಸೂಚನೆ. ಸಾರಾಸಗಟು ಎಲ್ಲರದ್ದೂ ಜಮಾ ಮಾಡಿಸುವುದು ಅನ್ಯಾಯ. ವಿನಾಯಿತಿಗೆ ಸಮಿತಿ ಹೆಸರಿಗೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಜೋಡಿ ನಳಿಗೆ, ಶಿರಾ

ಠಾಣೆಯ ವಿಚಾರ ನೂರಕ್ಕೆ ನೂರು ನಿಜ ಅಣ್ಣ. ಆದರೆ ಪಿಸ್ತೂಲು ಸುಲಭವಾಗಿ ಸಿಗುತ್ತೆ ಅನ್ನೋದು ಪಿಸ್ತೂಲನ್ನು ಬಿಗಿ ಮಾಡಲು ಕಾರಣವಾಗಬೇಕು, ರೈಫಲ್ ಸಡಿಲಿಸಲು ಅಲ್ಲ.

ಕಾನೂನು ಕಾಡು, ತುಮಕೂರು

ಮೂರನೇ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ಜೈಲಿಗೆ ಹೋಗುವುದು ಅದರಲ್ಲೇ. ಬಂದೂಕಿನ ಲೈಸೆನ್ಸ್ ಹಂದಿ ಹೊಡೆಯುವ ಪರವಾನಗಿ ಅಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿಯೆಂದು ಹೊಡೆಯಬೇಕಾದರೆ 11(1)(ಬಿ) ಅಡಿ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಅರ್ಜಿ ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಶುರು ಮಾಡಿ. ಆದೇಶದ ಮೇಲೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, 48 ಗಂಟೆಯೊಳಗೆ ತಿಳಿಸಬೇಕು, ಮಾಂಸ ಹಂಚಿಕೊಳ್ಳುವಂತಿಲ್ಲ. 2015–16ರಲ್ಲಿ ಬಿಹಾರ, ಉತ್ತರಾಖಂಡಗಳಲ್ಲಿ ಹಂದಿಯನ್ನು ಕೆಲವು ಕಾಲ ಉಪದ್ರವಿ ಪ್ರಾಣಿ ಅಂತ ಘೋಷಿಸಿದ್ದನ್ನು ಇಲ್ಲಿಗೆ ಎಳೆದು ತರಬೇಡಿ.

ಕತ್ತಲಲ್ಲಿ ಹಂದಿ ಅಂದುಕೊಂಡು ಕರಡಿಗೆ ಹೊಡೆದರೆ 1ನೇ ಅನುಸೂಚಿ: ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ, ದಂಡ 25,000ಕ್ಕೆ ಕಡಿಮೆಯಿಲ್ಲ. ಮೈದನಹಳ್ಳಿ ಕಡೆಯ ಕೃಷ್ಣಮೃಗಕ್ಕೂ, ನವಿಲಿಗೂ ಇದೇ. ಶಿಕ್ಷೆಯಾದರೆ ಕೋರ್ಟು ಬಂದೂಕಿನ ಲೈಸೆನ್ಸನ್ನೂ ರದ್ದು ಮಾಡಿಸಬಹುದು, ಆಗ 5 ವರ್ಷ ಮತ್ತೆ ಸಿಗಲ್ಲ.

ಇನ್ನೊಂದು. ಅಭಯಾರಣ್ಯದಿಂದ 10 ಕಿ.ಮೀ. ಒಳಗಿದ್ದರೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪಾಲಕರ ಪೂರ್ವಾನುಮತಿ ಬೇಕು (ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್). ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ 2019ರಲ್ಲಿ ಅಭಯಾರಣ್ಯವಾಯಿತು, ಸುತ್ತಲಿನ ಊರಿನವರು ದೂರ ನೋಡಿಕೊಂಡೇ ಅರ್ಜಿ ಹಾಕಿ.

ಸೋಲಾರ್ ಬೇಲಿ, ಗೌರಿಬಿದನೂರು

ನಾಲ್ಕು ಎಕರೆಗೆ ಬಂದೂಕಿಗಿಂತ ಬೇಲಿ ವಾಸಿ. 12 ವೋಲ್ಟ್ ಬ್ಯಾಟರಿ, ಎನರ್ಜೈಸರ್ (ತಂತಿಗೆ ಬಿಟ್ಟು ಬಿಟ್ಟು ಶಾಕ್ ಕೊಡುವ ಪೆಟ್ಟಿಗೆ), ಸುತ್ತಲೂ ತಂತಿ. ಕೆಳಗಿನ ತಂತಿ ನೆಲದಿಂದ 20–25 ಸೆಂ.ಮೀ. ಇರಬೇಕು, ಹಂದಿ ಮೂತಿ ಅದಕ್ಕೇ ತಗಲಬೇಕು. ಒಂದಡಿ ಮೇಲೆ ಹೋದರೆ ನುಸುಳಿಬಿಡುತ್ತೆ. ನಮ್ಮ ಒಣ ಕೆಂಪು ಮಣ್ಣಲ್ಲಿ ಕೆಡುವುದು ಅರ್ಥಿಂಗ್. ಮೂರು ಸಲಾಕೆ ಹೊಡೆದು, ಗುಂಡಿಗೆ ಇದ್ದಲು, ಉಪ್ಪು ಹಾಕಿ ಬೇಸಿಗೆಯಲ್ಲಿ ನೀರು ಬಿಡಿ. ತಂತಿಗೆ ಹುಲ್ಲು ತಾಗಿದರೆ ವೋಲ್ಟೇಜ್ ಬಿದ್ದುಹೋಗುತ್ತೆ, ಆಗಾಗ ಸವರಿ.

ಬೆಸ್ಕಾಂ ಲೈನಿನಿಂದ ನೇರ ಕರೆಂಟ್ ಕೊಡಬೇಡಿ, ಉರುಳು, ಸಿಡಿಮದ್ದು ಇಡಬೇಡಿ. ಪಕ್ಕದ ಹೊಲದವರು, ದನ, ಚಿರತೆ ಸಾಯುವುದು ಇವುಗಳಲ್ಲೇ.

ಕಡ್ಲೆಕಾಯಿ ಹೊಲ, ಮಧುಗಿರಿ

ತುಂಬಾ ಉಪಕಾರ. ಪಹಣಿ ತಾತನ ಹೆಸರಲ್ಲೇ ಇದೆ. ಈಗಾಗಲೇ ಆದ ನಷ್ಟಕ್ಕೆ ಏನು ಮಾಡಲಿ?

ಕಾನೂನು ಕಾಡು, ತುಮಕೂರು

ಇವತ್ತೇ ಪೌತಿ ಖಾತೆಗೆ ಅರ್ಜಿ ಹಾಕಿ, ಪರಿಹಾರಕ್ಕೂ ಅದೇ ಬೇಕಾಗುತ್ತೆ. ಹೊಲ ಉಳುವ ಮುಂಚೆ, ಕಿತ್ತ ಗಿಡ ಮತ್ತು ಹೆಜ್ಜೆ ಕಾಣುವಂತೆ ಫೋಟೋ ತೆಗೆದು ವಲಯ ಅರಣ್ಯ ಕಚೇರಿಗೆ ಕೊಡಿ. ಅರಣ್ಯ ಇಲಾಖೆಯ ಇ-ಪರಿಹಾರ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಯಿತಾ ಅಂತ ಕೇಳಿ ನಂಬರು ಬರೆದುಕೊಳ್ಳಿ. ಬೆಳೆ ನಷ್ಟದ ಆ ದಾಖಲೆಯನ್ನೇ ಲೈಸೆನ್ಸ್ ಅರ್ಜಿಗೂ ಜೋಡಿಸಿ.