ಟ್ರ್ಯಾಕ್ ರೈಡಿಂಗ್ ಶುರು ಮಾಡಬೇಕು: ಸ್ಕೂಲ್ ಮೊದಲಾ, ಸೂಟ್ ಮೊದಲಾ? ಅನುಭವ ಇದ್ದವರು ಹೇಳಿ

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಸ್ವಂತ ಯಮಹಾ ಆರ್15 ಬೈಕ್ ಇದೆ, ಇಲ್ಲಿಯವರೆಗೆ ರೋಡಲ್ಲಿ ಮಾತ್ರ ಓಡಿಸಿದ್ದೇನೆ. ಚೆನ್ನೈ ಹತ್ತಿರದ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್‌ನಲ್ಲಿ (ಎಂಎಂಆರ್‌ಟಿ, ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್) ಒಂದು ಬಿಗಿನರ್ ಸ್ಕೂಲ್ ಮಾಡಬೇಕು ಅಂತ ಆಸೆ. ಕೈಯಲ್ಲಿ 60,000 ಇದೆ. ಮೊದಲು ಫೀಸ್ ಕಟ್ಟಲಾ, ಲೆದರ್ ಸೂಟ್ ತಗೊಳ್ಳಲಾ? ಗಾಡಿ ಓಡಿಸಿಕೊಂಡೇ ಹೋಗಬಹುದಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಎಪಿಎಂಸಿ ರೋಡ್, ಕೋಲಾರ
ಸೂಟ್ ಮೊದಲು. ಯೋಚನೆ ಮಾಡೋಕೆ ಇದರಲ್ಲಿ ಏನೂ ಇಲ್ಲ.

ನಾನು ಮೊದಲು ಹೋದಾಗ ಬಾಡಿಗೆ ಸೂಟ್ ಹಾಕಿದ್ದೆ. ದಿನಕ್ಕೆ 2,500, ಡಿಪಾಸಿಟ್ 10,000. ಹೆಗಲಲ್ಲಿ ಸಡಿಲ, ತೊಡೆಯಲ್ಲಿ ಬಿಗಿ. ಮಧ್ಯಾಹ್ನದ ಸೆಷನ್‌ನಲ್ಲಿ ಮುಂದಿನ ಚಕ್ರ ಜಾರಿ ಲೋ ಸೈಡ್ ಆಯಿತು, ಅಂದರೆ ಗಾಡಿ ಬಾಗಿದ ಕಡೆಗೇ ಬಿದ್ದೆ. ಬಿದ್ದ ರಭಸಕ್ಕೆ ಮೊಣಕೈ ಆರ್ಮರ್ ತಿರುಗಿ ಒಳಗಡೆಗೆ ಹೋಯಿತು, ಇದ್ದ ಚರ್ಮ ಕಿತ್ತು ಬಂತು. ಮೂಳೆಗೆ ಏನೂ ಆಗಲಿಲ್ಲ, ಆದರೆ ಆ ಕೈಯಲ್ಲಿ ಕ್ಲಚ್ ಹಿಡಿಯೋಕೆ ತಿಂಗಳು ಬೇಕಾಯಿತು. ಸೂಟ್ ಹರಿದಿದ್ದಕ್ಕೆ ಡಿಪಾಸಿಟ್‌ನಲ್ಲಿ 6,000 ಮುರಿದುಕೊಂಡರು. ಗಾಡಿಗೆ ಎಡಗಡೆ ಫೇರಿಂಗ್ (ಮೈ ಮುಚ್ಚುವ ಪ್ಲಾಸ್ಟಿಕ್) 7,400, ಕ್ಲಿಪ್ ಆನ್ ಹ್ಯಾಂಡಲ್ 1,900, ಫುಟ್ ಪೆಗ್ ಮತ್ತು ಗೇರ್ ಲಿವರ್ ಸೇರಿ 1,650. ರೇಡಿಯೇಟರ್ ಮೂಲೆ ಬಗ್ಗಿ ಸೋರುತ್ತಿತ್ತು, ಅದು 6,200. ಲೇಬರ್ ಬೇರೆ.

ಆಮೇಲೆ ಅಳತೆ ಕೊಟ್ಟು ಹೊಲಿಸಿದೆ. ಒನ್ ಪೀಸ್, 38,000. ಬ್ಯಾಕ್ ಪ್ರೊಟೆಕ್ಟರ್ ಸಿಇ (ಯುರೋಪಿನ ಸುರಕ್ಷತಾ ಗುರುತು) ಲೆವೆಲ್ 2, 7,500. ಮಣಿಕಟ್ಟು ಮುಚ್ಚುವ ಗ್ಲೌಸ್ 6,800. ಬೂಟ್ 13,500. ಒಟ್ಟು 65,800 ಆಯಿತು. ಅದೇ ಸೂಟ್‌ನಲ್ಲಿ ಆಮೇಲೂ ಬಿದ್ದಿದ್ದೇನೆ. ಎದ್ದು, ಗಾಡಿ ಎತ್ತಿ, ನಡೆದುಕೊಂಡೇ ಪಿಟ್‌ಗೆ ಬಂದೆ.

ಗಾಡಿ ಓಡಿಸಿಕೊಂಡು ಹೋಗಲೇಬೇಡ. ಬಿದ್ದರೆ ವಾಪಸ್ ಹೇಗೆ ಬರ್ತೀಯ? ನಾನು ನಮ್ಮ ಮಂಡಿಯಿಂದ ಚೆನ್ನೈಗೆ ಟೊಮ್ಯಾಟೊ ಹೊಡೆಯುವ ಬೊಲೆರೊ ಪಿಕಪ್‌ನಲ್ಲಿ ಹಾಕಿಸುತ್ತೇನೆ. ಮುಂದೆ ಬೈಕ್, ಹಿಂದೆ ಕ್ರೇಟ್. ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ ದಾರಿ. 3,500 ಕೇಳಿದ, 2,800ಕ್ಕೆ ಒಪ್ಪಿದ. ಶ್ರೀಪೆರಂಬದೂರು ದಾಟಿದರೆ ಟ್ರ್ಯಾಕ್ ಇರುವ ಇರುಂಗಾಟ್ಟುಕೋಟೈ ಹೆದ್ದಾರಿ ಪಕ್ಕದಲ್ಲೇ ಇದೆ, ಅವನಿಗೂ ಸುತ್ತು ಆಗಲ್ಲ. ಸ್ಟ್ರಾಪ್ ಮಾತ್ರ ನಿನ್ನದೇ ಇರಲಿ. ತೆಂಗಿನ ಹಗ್ಗದಲ್ಲಿ ಕಟ್ಟಿಸಿದರೆ ಟ್ಯಾಂಕ್ ಪೇಂಟ್ ಹೋಗುತ್ತದೆ.

ಶೆಟ್ಟಿಹಳ್ಳಿ ಗೇಟ್, ತುಮಕೂರು
ನಾನು ಇದನ್ನು ಒಪ್ಪಲ್ಲ. ಸೂಟ್ ಇದ್ದವನು ಬೀಳೋದಿಲ್ವಾ? ಬೀಳದ ಹಾಗೆ ಓಡಿಸೋದು ಕಲಿಸೋದು ಸ್ಕೂಲ್.

ನಾನು ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಲೆವೆಲ್ 1 ಮಾಡಿದೆ. ಅವರು ಎಂಎಂಆರ್‌ಟಿಗೆ ಬಂದಾಗ ಸೇರಿದ್ದು. ಅದಕ್ಕೂ ಮುಂಚೆ ದೇವರಾಯನದುರ್ಗದ ತಿರುವುಗಳಲ್ಲಿ ವರ್ಷಗಟ್ಟಲೆ ಓಡಿಸಿದ್ದವನು ನಾನು. ಮೊದಲ ಪಾಠವೇ ಥ್ರಾಟಲ್. ಗಾಡಿಯನ್ನು ಬಾಗಿಸಿದ ಮೇಲೆ ಥ್ರಾಟಲ್ ಮುಚ್ಚಿಟ್ಟರೆ ಹೆಚ್ಚಿನ ಭಾರ ಮುಂದಿನ ಟೈರಿಗೆ ಹೋಗುತ್ತದೆ. ಮೆಲ್ಲಗೆ, ಸಮವಾಗಿ ತೆರೆಯುತ್ತಾ ಹೋದರೆ 40 ಭಾಗ ಮುಂದೆ, 60 ಭಾಗ ಹಿಂದೆ ಕೂರುತ್ತದೆ, ಗಾಡಿ ನೆಲ ಕಚ್ಚಿಕೊಂಡು ಹೋಗುತ್ತದೆ. ಕೇಳೋಕೆ ಇಷ್ಟೇ. ಆದರೆ ಕೈ ಹೆದರುತ್ತದೆ, ತಾನಾಗೇ ಮುಚ್ಚಿಬಿಡುತ್ತದೆ. ಆ ಹೆದರಿಕೆ ಹೋಗಬೇಕಾದರೆ ನಿನ್ನ ಹಿಂದೆ ಕೋಚ್ ಬರಬೇಕು, ಸೆಷನ್ ಮುಗಿದ ತಕ್ಷಣ ಕೂರಿಸಿಕೊಂಡು ಯಾವ ತಿರುವಿನಲ್ಲಿ ಏನು ಮಾಡಿದೆ ಅಂತ ಕೇಳಬೇಕು. ನನ್ನ ಬದುಕಿನಲ್ಲಿ ಬೈಕ್‌ಗೆ ಹಾಕಿದ ದುಡ್ಡಲ್ಲೆಲ್ಲ ಅದೇ ಸಾರ್ಥಕ.

ಹಾಗಂತ ಎಲ್ಲ ಸ್ಕೂಲೂ ಒಂದೇ ಅಲ್ಲ. ನನ್ನ ತಮ್ಮ ಇನ್ನೊಂದು ಕಡೆ ಸೇರಿದ, ಹೆಸರು ಬೇಡ. ಒಬ್ಬೊಬ್ಬ ಇನ್‌ಸ್ಟ್ರಕ್ಟರ್‌ಗೆ 15 ಜನ. ಬೆಳಿಗ್ಗೆ ಎರಡು ಗಂಟೆ ಬೋರ್ಡ್ ಮೇಲೆ ಗೆರೆ ಎಳೆದರು, ಆಮೇಲೆ ಸುಮ್ನೆ ಟ್ರ್ಯಾಕ್‌ಗೆ ಬಿಟ್ಟರು. ಫೀಸ್ ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳು: ಒಬ್ಬ ಕೋಚ್‌ಗೆ ಎಷ್ಟು ಜನ? ನೇರ ಉತ್ತರ ಬರಲಿಲ್ಲ ಅಂದರೆ ಬಿಟ್ಟುಬಿಡು. ರಜನಿ ಕೃಷ್ಣನ್ ಅವರ ಅಕಾಡೆಮಿ ಚೆನ್ನೈ ಕಡೆಯದ್ದೇ, ಸ್ವತಃ ರೇಸರ್. ಅಲ್ಲೂ ವಿಚಾರಿಸು.

ಕೋಲಾರದ ಬ್ರದರ್, ನೀವು ಎಷ್ಟು ಟೈರ್ ಪ್ರೆಶರ್‌ನಲ್ಲಿ ಇಳಿದಿದ್ರಿ ಅಂತ ಹೇಳಲೇ ಇಲ್ಲ. ಸೂಟ್ ಬೈಯೋದು ಸುಲಭ.

ಎಪಿಎಂಸಿ ರೋಡ್, ಕೋಲಾರ
ರೋಡಿನ ಪ್ರೆಶರ್ ಇಳಿಸಿಯೇ ಹೋಗಿದ್ದೆ, ಅದೆಲ್ಲ ನೀವು ನನಗೆ ಹೇಳಿಕೊಡಬೇಕಾಗಿಲ್ಲ. ಇರುಂಗಾಟ್ಟುಕೋಟೈ ಬಿಸಿಲಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಓಡಿಸಿದ್ದೀರಾ? ಕಂಪನಿ ಟೈರ್ ಎರಡು ಲ್ಯಾಪ್ ಆದ ಮೇಲೆ ಸೋಪಾಗುತ್ತದೆ. ಬಿದ್ದವನಿಗೆ ಪಾಠ ಹೇಳೋದು ನಿಜಕ್ಕೂ ಸುಲಭ ಸಾರ್.

ಮಾಲೂರು ಮಣ್ಣು
ಇಬ್ಬರ ಮಾತೂ ಕೇಳಬೇಡ ತಮ್ಮಾ. ಮೊದಲು ಮಣ್ಣಲ್ಲಿ ಕಲಿ.

ನಮ್ಮ ಕೋಲಾರ ಜಿಲ್ಲೆಯಲ್ಲೇ ಸಿ.ಎಸ್. ಸಂತೋಷ್ ಅವರ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮನುಷ್ಯ, ಅದನ್ನು ಮುಗಿಸಿದ ಮೊದಲ ಭಾರತೀಯ. ಅಂಥವರು ಕಟ್ಟಿದ ಜಾಗ ಮನೆ ಹತ್ತಿರ ಇರುವಾಗ ತಮಿಳುನಾಡಿಗೆ ಯಾಕೆ ಓಡಬೇಕು? ಮಣ್ಣಲ್ಲಿ ಹಿಂದಿನ ಚಕ್ರ ಜಾರೋದು ದಿನದ ಕೆಲಸ. ನೂರು ಸಲ ಜಾರಿದ ಮೇಲೆ ಮೈಗೆ ಅದು ಗೊತ್ತಾಗಿಬಿಡುತ್ತದೆ. ಟಾರ್‌ನಲ್ಲಿ ಮೊದಲ ಸಲ ಜಾರಿದಾಗಲೇ ಆಸ್ಪತ್ರೆ.

ನನ್ನ ಲೆಕ್ಕ: ಹಳೇ ಹೀರೋ ಇಂಪಲ್ಸ್ ಬೈಕ್ 42,000ಕ್ಕೆ ತಗೊಂಡೆ. ಮುಂದಿನ ಫೋರ್ಕ್ ಸೀಲ್ ಎರಡೂ ಹೋಗಿದ್ದವು, ಸೀಲ್ ಆಯಿಲ್ ಸೇರಿ 1,800. ಮಣ್ಣಿಗೆ ಹಾಕುವ ನಾಬಿ ಟೈರ್ ಜೋಡಿ 7,200. ಎದೆ, ಬೆನ್ನು, ಮೊಣಕಾಲು ಗಾರ್ಡ್ ಎಲ್ಲ ಸೇರಿ 11,000. ಬೂಟ್‌ಗೆ ಮಾತ್ರ ಚೌಕಾಸಿ ಮಾಡಲಿಲ್ಲ, 16,000. ಬಿದ್ದಾಗ ಲಿವರ್ ಮುರಿಯುತ್ತದೆ, 250 ರೂಪಾಯಿ. ಅಷ್ಟೇ. ನಿಮ್ಮ ಹಾಗೆ ಫೇರಿಂಗ್ ತಬ್ಬಿಕೊಂಡು ಅಳೋದಿಲ್ಲ.

ಶೆಟ್ಟಿಹಳ್ಳಿ ಗೇಟ್, ತುಮಕೂರು
ಹುಡುಗ ಕೇಳಿದ್ದು ಟ್ರ್ಯಾಕ್, ಅವನ ಹತ್ತಿರ ಇರೋದು ಆರ್15. ಅದನ್ನು ಮಾರಿ ಇಂಪಲ್ಸ್ ತಗೊಳ್ಳಬೇಕಾ? ಬ್ರೇಕಿಂಗ್ ಪಾಯಿಂಟ್, ಲೈನ್, ಮೇನ್ ಸ್ಟ್ರೈಟ್ ಕೊನೆಯಲ್ಲಿ ಸಿ ಒನ್ ಅನ್ನೋ ಮೊದಲ ತಿರುವಿಗೆ ಎಷ್ಟು ವೇಗದಲ್ಲಿ ಒಳಗೆ ಹೋಗಬೇಕು ಅನ್ನೋ ಧೈರ್ಯ, ಇದನ್ನೆಲ್ಲ ಮಣ್ಣು ಕಲಿಸಲ್ಲ.

ಮಾಲೂರು ಮಣ್ಣು
ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಮಹಿಳೆಯರ ವಿಭಾಗದಲ್ಲಿ ವಿಶ್ವ ಕಪ್ ಗೆದ್ದಿದ್ದು ಮಣ್ಣು ಮರಳಿನ ಬಾಹಾ ರೇಸ್‌ಗಳಲ್ಲೇ. ಟಾರ್‌ನವರದ್ದು ಮಾತ್ರ ರೇಸ್ ಅನ್ನೋ ಗತ್ತು ಬಿಡಿ. ನರಸಾಪುರದಲ್ಲಿ ಹೋಂಡಾ ಗಾಡಿ ತಯಾರಾಗುತ್ತದೆ, ಹೊಸೂರಿನಲ್ಲಿ ಟಿವಿಎಸ್. ಎಂಎಂಆರ್‌ಟಿ ಅಳತೆಯ ಒಂದು ಟ್ರ್ಯಾಕ್ ನಮ್ಮ ರಾಜ್ಯದಲ್ಲಿ ಇಲ್ಲ. ಇರೋದನ್ನಾದರೂ ಬಳಸಿಕೊಳ್ಳಿ ಅಂದರೆ ಕೋಪ.

ಹಳೇ ಟೂ ಸ್ಟ್ರೋಕ್, ಗೌರಿಬಿದನೂರು
ಮಗೂ, ಸ್ಕೂಲ್ ಸೂಟ್ ಎರಡನ್ನೂ ಪಕ್ಕಕ್ಕಿಡು. ಮೊದಲು ಇನ್ಶೂರೆನ್ಸ್ ಪಾಲಿಸಿ ತೆಗೆದು ಓದು.

ನಾನು ಚೆನ್ನೈ ಹತ್ತಿರದ ಶೋಳಾವರಂ ಏರ್‌ಸ್ಟ್ರಿಪ್‌ನಲ್ಲಿ ರೇಸ್ ನೋಡಿದ ಕಾಲದವನು. ನನಗೆ ಬೈಕ್ ಮೇಲೆ ದ್ವೇಷ ಇಲ್ಲ, ಆರ್‌ಡಿ350 ಇನ್ನೂ ಇಟ್ಟುಕೊಂಡಿದ್ದೇನೆ. ನನ್ನ ಮಗ ಟ್ರ್ಯಾಕ್ ಡೇಗೆ ಅಂತ ಹೋದ. ಹೈ ಸೈಡ್ ಆಗಿ, ಅಂದರೆ ಗಾಡಿ ಮೇಲಕ್ಕೆ ಎತ್ತಿ ಎಸೆದು, ಕಾಲರ್ ಬೋನ್ ಮುರಿಯಿತು. ಟ್ರ್ಯಾಕ್‌ನ ಆಂಬುಲೆನ್ಸ್‌ನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅದರಲ್ಲಿ ಕೊರತೆ ಇಲ್ಲ. ಪ್ಲೇಟ್ ಹಾಕೋದಕ್ಕೆ 1,45,000 ಬಿಲ್. ರೂಮ್ ಬಾಡಿಗೆ ವ್ಯತ್ಯಾಸ 9,000 ಬೇರೆ. ನಾನು ರಾತ್ರೋರಾತ್ರಿ ಕಾರ್ ಮಾಡಿಕೊಂಡು ಹೋಗಿದ್ದು 11,500. ಫಿಸಿಯೋಥೆರಪಿ ಒಂದು ಸಿಟ್ಟಿಂಗ್‌ಗೆ 500. ಆರೋಗ್ಯ ವಿಮೆಯವರು ಕ್ಲೇಮ್ ತಿರಸ್ಕರಿಸಿದರು. ಕಾರಣ ಒಂದೇ ಸಾಲು, ಅಪಾಯದ ಕ್ರೀಡೆ. ಗಾಡಿ ವಿಮೆಯೂ ಅಷ್ಟೆ. ಪಾಲಿಸಿಯಲ್ಲೇ ಇದೆ, ಸಂಘಟಿತ ರೇಸಿಂಗ್ ಮತ್ತು ವೇಗದ ಪರೀಕ್ಷೆಗೆ ಬಳಸಿದರೆ ರಕ್ಷಣೆ ಇಲ್ಲ ಅಂತ. ಯಾವ ಏಜೆಂಟ್ ಇದನ್ನು ಬಾಯಿ ಬಿಟ್ಟು ಹೇಳ್ತಾನೆ?

ಶೆಟ್ಟಿಹಳ್ಳಿ ಗೇಟ್, ತುಮಕೂರು
ಸಾರ್, ನಾನು ಇದೇ ಫೀಲ್ಡ್‌ನಲ್ಲಿದ್ದೇನೆ, ಅದಕ್ಕೆ ಹೇಳ್ತೀನಿ. ಗಾಡಿ ವಿಮೆ ವಿಷಯ ನೀವು ಹೇಳಿದ್ದು ಸರಿ. ಆರೋಗ್ಯ ವಿಮೆ ಹಾಗಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಸ್ಟ್ಯಾಂಡರ್ಡ್ ವಾಕ್ಯದಲ್ಲಿ, ವೃತ್ತಿಪರನಾಗಿ ಅಪಾಯದ ಕ್ರೀಡೆಯಲ್ಲಿ ಭಾಗವಹಿಸಿ ಗಾಯ ಆದರೆ ಮಾತ್ರ ಕೊಡಲ್ಲ ಅಂತ ಇದೆ. ಮೋಟಾರ್ ರೇಸಿಂಗ್ ಹೆಸರೂ ಆ ಪಟ್ಟಿಯಲ್ಲಿದೆ ನಿಜ. ಆದರೆ ದುಡ್ಡು ಕೊಟ್ಟು ಕಲಿಯೋಕೆ ಹೋದ ಹುಡುಗ ವೃತ್ತಿಪರ ಹೇಗಾಗ್ತಾನೆ? ನೀವು ವಿಮೆ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಹೋಗಬೇಕಿತ್ತು.

ಹಳೇ ಟೂ ಸ್ಟ್ರೋಕ್, ಗೌರಿಬಿದನೂರು
ಹೋಗಬೇಕಿತ್ತು ಅನ್ನೋದು ಈಗ ಬಲು ಸುಲಭ. ಮಗ ಕೈ ಎತ್ತಲಾರದೆ ಮಲಗಿದ್ದಾಗ ನಾನು ಅವನಿಗೆ ಅಂಗಿ ಹಾಕಿಸಲಾ, ಅರ್ಜಿ ಬರೆಯುತ್ತಾ ಕೂರಲಾ? ಪಾಲಿಸಿ ಮಾರುವಾಗ ನಿಮ್ಮವರು ಮನೆಗೆ ಬಂದು ಕಾಫಿ ಕುಡಿದು ಹೋದರು. ಬಿಲ್ ಕಳಿಸಿದ ದಿನ ಫೋನ್ ಎತ್ತಲಿಲ್ಲ.

ಶೆಟ್ಟಿಹಳ್ಳಿ ಗೇಟ್, ತುಮಕೂರು
ನಮ್ಮವರು ಅಂತ ಎಲ್ಲರನ್ನೂ ಸೇರಿಸಬೇಡಿ ಸಾರ್. ನಾನು ನಿಮಗೆ ಪಾಲಿಸಿ ಮಾರಿಲ್ಲ. ತಿರಸ್ಕಾರದ ಪತ್ರದಲ್ಲಿ ಯಾವ ಕಲಂ ಬರೆದಿದ್ದಾರೆ ನೋಡಿ. ಒಂದು ವರ್ಷದೊಳಗಿದ್ದರೆ ಇನ್ನೂ ದೂರು ಕೊಡಬಹುದು. ಬೇಕಿದ್ದರೆ ನಾನೇ ಬರೆದುಕೊಡ್ತೀನಿ, ಒಂದು ರೂಪಾಯಿ ಬೇಡ.

ಚಿಂತಾಮಣಿ ರೈಡರ್
ಹುಡುಗ ಮನೆಯಲ್ಲಿ ಹೇಳಿಲ್ಲ ಅಂತ ಬರೆದಿದ್ದಾನೆ, ಯಾರೂ ಆ ಕಡೆ ನೋಡಲೇ ಇಲ್ಲ ಅಲ್ವಾ? ಟ್ರ್ಯಾಕ್‌ಗೆ ಇಳಿಯುವ ಮುಂಚೆ ಬಾಂಡ್ ಸಹಿ ಮಾಡಿಸಿಕೊಳ್ಳುತ್ತಾರೆ. ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಸ್ನೇಹಿತನ ನಂಬರ್ ಬರೆಯಬೇಡ. ನಾನು ಅಮ್ಮನಿಗೆ ಹೇಳಿಯೇ ಹೋದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, ಹೆಲ್ಮೆಟ್ ಗಟ್ಟಿಯದ್ದು ತಗೋ ಅಂತ ಚೀಟಿ ದುಡ್ಡಲ್ಲಿ 15,000 ಕೊಟ್ಟರು.

ನಾನು ಟಿವಿಎಸ್ ಒನ್ ಮೇಕ್ ರೇಸ್‌ನ ಹುಡುಗಿಯರ ಸೆಲೆಕ್ಷನ್‌ಗೆ ಹೋಗಿದ್ದೆ. ಗಾಡಿ ಅವರದ್ದೇ, ಎಲ್ಲರಿಗೂ ಒಂದೇ ತರದ್ದು, ಲ್ಯಾಪ್ ಟೈಮ್ ನೋಡಿ ಆರಿಸುತ್ತಾರೆ. ನಾನು ಆಯ್ಕೆ ಆಗಲಿಲ್ಲ. ಆಯ್ಕೆಯಾದವರಲ್ಲಿ ಹೆಚ್ಚಿನವರು ಆ ಟ್ರ್ಯಾಕ್‌ನಲ್ಲೇ ಬೆಳೆದವರು, ಪ್ರತಿ ವಾರ ಓಡಿಸುವವರು. ನಾವು ಇಲ್ಲಿಂದ ರಾತ್ರಿ ಬಸ್ ಹತ್ತಿ, ನಿದ್ದೆಗೆಟ್ಟು, ಬೆಳಿಗ್ಗೆ ಅದೇ ಮೈಯಲ್ಲಿ ಲ್ಯಾಪ್ ಹಾಕಬೇಕು. ಅದು ನನಗೆ ಇನ್ನೂ ನೋಯುತ್ತದೆ. ಆದರೂ ಮತ್ತೆ ಹೋಗ್ತೀನಿ. ಅಷ್ಟು ಅಗಲದ ರಸ್ತೆ, ಎದುರಿಗೆ ಲಾರಿ ಇಲ್ಲ, ಎಮ್ಮೆ ಇಲ್ಲ, ಮರಳು ಚೆಲ್ಲಿಲ್ಲ. ಅಲ್ಲಿ ಓಡಿಸಿದ ಮೇಲೆ ನಾನು ರೋಡಲ್ಲಿ ವೇಗ ಹೋಗೋದನ್ನೇ ಬಿಟ್ಟೆ.

ರೇಸ್‌ಗೆ ಇಳಿಯಬೇಕು ಅಂದರೆ ದೇಶದ ಮೋಟಾರ್ ಕ್ರೀಡೆ ನಡೆಸುವ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು, ಡಾಕ್ಟರ್ ಸರ್ಟಿಫಿಕೇಟ್ ಬೇಕು. ಅದು ಆಮೇಲಿನ ಮಾತು. ಮೊದಲು ಟ್ರ್ಯಾಕ್‌ನಲ್ಲಿ ತೋರಿಸುವ ಬಾವುಟಗಳ ಅರ್ಥ ಬಾಯಿಪಾಠ ಮಾಡು. ಹಳದಿ ಬಾವುಟದಲ್ಲಿ ಓವರ್‌ಟೇಕ್ ಮಾಡಿದರೆ ಬಿದ್ದವನ ಮೇಲೆ, ಅವನನ್ನು ಎತ್ತಲು ಬಂದ ಮಾರ್ಷಲ್ ಮೇಲೆ ಹೋಗ್ತೀಯ.

ನಂದಿ ಕ್ರಾಸ್ ಬಾಯ್
ಇಷ್ಟೆಲ್ಲ ದುಡ್ಡು ಯಾಕೆ ಮಗಾ? ಭಾನುವಾರ ಬೆಳಿಗ್ಗೆ ಐದಕ್ಕೆ ನಂದಿ ರೋಡಿಗೆ ಬಾ. ಫ್ರೀ ಟ್ರ್ಯಾಕ್. ನಮ್ಮ ಗ್ಯಾಂಗ್ ಕಲಿಸುತ್ತೆ.

ಚಿಂತಾಮಣಿ ರೈಡರ್
ದಯವಿಟ್ಟು ಇದನ್ನು ಇಲ್ಲಿ ಬರೆಯಬೇಡಿ. ಆ ಹೊತ್ತಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗುವವರು, ಹೂವು ತಗೊಂಡು ಮಾರ್ಕೆಟ್‌ಗೆ ಹೋಗುವವರು ಅದೇ ರೋಡಲ್ಲಿ ಇರುತ್ತಾರೆ. ಅವರಿಗೆ ಲೆದರ್ ಸೂಟ್ ಇಲ್ಲ.

ಹಳೇ ಟೂ ಸ್ಟ್ರೋಕ್, ಗೌರಿಬಿದನೂರು
ಮೋಟಾರು ವಾಹನ ಕಾಯ್ದೆ 189ನೇ ಕಲಂ ನೋಡಪ್ಪ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ದಂಡ, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕರೆ ಒಂದು ವರ್ಷ, 10,000. ನನ್ನ ಮಗ ಬಿದ್ದಿದ್ದು ಟ್ರ್ಯಾಕ್‌ನಲ್ಲಿ, ಅದಕ್ಕೇ ಬದುಕಿದ. ಅಲ್ಲಿ ಪಕ್ಕದಲ್ಲಿ ಕಲ್ಲು ಇರಲಿಲ್ಲ, ಎದುರಿಗೆ ಬಸ್ ಇರಲಿಲ್ಲ.

ನಂದಿ ಕ್ರಾಸ್ ಬಾಯ್
ಎಲ್ಲರೂ ಪೊಲೀಸ್ ಆಗಿಬಿಟ್ರಿ. ಟ್ರ್ಯಾಕ್ ದುಡ್ಡಿರುವವರಿಗೆ ಮಾತ್ರ. ನಮ್ಮಂಥವರು ಎಲ್ಲಿಗೆ ಹೋಗಬೇಕು?

ಎಪಿಎಂಸಿ ರೋಡ್, ಕೋಲಾರ
ನಾನು ಮಂಡಿಯಲ್ಲಿ ಲೆಕ್ಕ ಬರೆಯುವವನು, ದುಡ್ಡಿನವನಲ್ಲ. ಎರಡು ವರ್ಷ ಚೀಟಿ ಹಾಕಿ ಸೂಟ್ ಮಾಡಿಸಿದ್ದು. ದುಡ್ಡು ದೊಡ್ಡದು ಅನ್ನೋದು ಒಪ್ತೀನಿ, ಅದಕ್ಕೆ ಹಾಲಿನವನ ಪ್ರಾಣ ಪಣಕ್ಕಿಡೋದು ಒಪ್ಪಲ್ಲ.

ಮಾಲೂರು ಮಣ್ಣು
ಇದಕ್ಕೇ ಹೇಳಿದ್ದು, ಮಣ್ಣು ಅಗ್ಗ ಅಂತ.

ಶೆಟ್ಟಿಹಳ್ಳಿ ಗೇಟ್, ತುಮಕೂರು
ಮತ್ತೆ ಶುರುವಾಯಿತು. 16,000 ಬೂಟ್ ಅಗ್ಗನಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅಪ್ಪನಿಗೆ ಹೇಳಿದೆ. ಬೇಡ ಅಂದಿಲ್ಲ, ಸರಿ ಅಂತಲೂ ಅಂದಿಲ್ಲ. ಅಲ್ಲಿ ಅಡುಗೆ ಯಾರು ಮಾಡ್ತಾರೆ ಅಂತ ಕೇಳಿದರು. ಸ್ಕೂಲಿಗೆ ಫೋನ್ ಮಾಡಿ ಕೋಚ್ ಪ್ರಶ್ನೆ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಟೂ ಸ್ಟ್ರೋಕ್ ಸಾರ್, ಒಂದು ಮಾತು. ನಿಮ್ಮ ಮಗ ಈಗ ಓಡಿಸ್ತಾ ಇದ್ದಾರಾ? ಅವರ ಸೂಟ್ ಮಾರೋದಿದ್ದರೆ ಹೇಳಿ. ನನ್ನ ಎತ್ತರ 5 ಅಡಿ 8 ಇಂಚು, ಎದೆ 38.

ಹಳೇ ಟೂ ಸ್ಟ್ರೋಕ್, ಗೌರಿಬಿದನೂರು
ಬಲ ಹೆಗಲಿನ ಹತ್ತಿರ ಆಸ್ಪತ್ರೆಯವರು ಕತ್ತರಿಯಲ್ಲಿ ಕತ್ತರಿಸಿದ್ದಾರೆ. ಹೊಲಿಸಬಹುದು, ಆದರೆ ಹೊಲಿಗೆ ಹಾಕಿದ ಹೆಗಲಲ್ಲಿ ನಿನ್ನನ್ನು ಟ್ರ್ಯಾಕ್‌ಗೆ ಕಳಿಸಲ್ಲ. ಬೂಟ್, ಗ್ಲೌಸ್, ಬ್ಯಾಕ್ ಪ್ರೊಟೆಕ್ಟರ್ ಚೆನ್ನಾಗಿವೆ, ಬೂಟ್ ನಂಬರ್ 9. ಭಾನುವಾರ ಮನೆಗೆ ಬಾ, ಹಾಕಿ ನೋಡು. ಅಪ್ಪನನ್ನೂ ಕರೆದುಕೊಂಡು ಬಾ. ಮಗ ಇರ್ತಾನೆ, ಮಾತಾಡಲಿ.